ಆ ಹುಡುಗಿಯನ್ನು ವೇದಿಕೆಗೆ ಕರೆಯಬೇಡಿ

ನಿನ್ನೆ, ಮಾರಾಟವಾಗಿ ಬಂದ ಮಕ್ಕಳಿಗೆ ಆಸರೆ ಕೊಡುವ ಒಂದು ಸಂಸ್ಥೆಯ ವಾರ್ಷಿಕೋತ್ಸವದಿಂದ ಅರ್ಧಕ್ಕೇ ಎದ್ದು ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ. ಸಂಸ್ಥೆಯ ಹೆಸರನ್ನು ಯಾರೂ ಕೇಳಬೇಡಿ; ಹೇಳಿದರೆ ಅಲ್ಲಿರುವ ಮಕ್ಕಳ ಗುರುತೂ ಬಯಲಾಗುತ್ತದೆ.

ದಾನಿಗಳಿಗೆ ಶಾಲು ಹೊದಿಸಿ ಮುಗಿದ ಮೇಲೆ ನಿರೂಪಕರು ಹದಿನಾರರ ಆಸುಪಾಸಿನ ಹುಡುಗಿಯೊಬ್ಬಳನ್ನು ಕರೆದರು. ಮುಖಕ್ಕೆ ದುಪಟ್ಟಾ ಸುತ್ತಿದ್ದರು. ಮನೆಗೆಲಸ ಕೊಡಿಸುತ್ತೇನೆಂದು ಕರೆದುಕೊಂಡು ಹೋದವರು ಯಾರು, ಎಲ್ಲಿಗೆ ಮಾರಿದರು, ಅಲ್ಲಿ ಏನೇನಾಯಿತು ಎಂಬುದನ್ನೆಲ್ಲ ಅವಳು ಪಾಠ ಒಪ್ಪಿಸುವಂತೆ ಹೇಳುತ್ತಾ ಹೋದಳು. ಒಂದು ಕಡೆ ತಡವರಿಸಿದಾಗ ಪಕ್ಕದಲ್ಲಿ ನಿಂತಿದ್ದವರು ಮುಂದಿನ ಸಾಲನ್ನು ಎತ್ತಿಕೊಟ್ಟರು. ಅಲ್ಲಿಗೆ ನನ್ನ ತಾಳ್ಮೆ ಮುಗಿಯಿತು. ಸಭೆಯಲ್ಲಿ ಕಣ್ಣೊರೆಸಿಕೊಳ್ಳುವವರಿದ್ದರು, ಮೊಬೈಲಿನಲ್ಲಿ ಚಿತ್ರೀಕರಿಸಿಕೊಳ್ಳುವವರೂ ಇದ್ದರು.

ನಾನು ಪೋಕ್ಸೊ (ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಕಾಯ್ದೆ) ಪ್ರಕರಣಗಳಲ್ಲಿ ಬೆಂಬಲ ವ್ಯಕ್ತಿಯಾಗಿ ಮಕ್ಕಳ ಜೊತೆ ನ್ಯಾಯಾಲಯಕ್ಕೆ ಹೋಗುವವಳೆಂದು ನಿಮಗೆಲ್ಲ ಗೊತ್ತು. ಇಂತಹ ಹುಡುಗಿ ತನಗಾದದ್ದನ್ನು ಎಷ್ಟು ಜನರ ಮುಂದೆ ಹೇಳಬೇಕಾಗುತ್ತದೆ, ಯೋಚಿಸಿ: ಪೊಲೀಸರಿಗೆ, ವೈದ್ಯರಿಗೆ, ಮ್ಯಾಜಿಸ್ಟ್ರೇಟರಿಗೆ, ಮಕ್ಕಳ ಕಲ್ಯಾಣ ಸಮಿತಿಗೆ, ಕೊನೆಗೆ ಸಾಕ್ಷಿ ಕಟ್ಟೆಯಲ್ಲಿ. "ಇವತ್ತೂ ಹೇಳಲೇಬೇಕೇ, ಅಕ್ಕಾ?" ಎಂದು ನ್ಯಾಯಾಲಯದ ಜಗಲಿಯಲ್ಲಿ ಕೇಳಿದ ಮಕ್ಕಳಿದ್ದಾರೆ. ಈ ಭಾರವನ್ನು ಇಳಿಸಲೆಂದೇ 2012ರ ಪೋಕ್ಸೊ ಕಾಯ್ದೆಯಲ್ಲಿ ಅಷ್ಟೊಂದು ಎಚ್ಚರಿಕೆಗಳಿವೆ. ಹೇಳಿಕೆ ಪಡೆಯುವ ಪೊಲೀಸ್ ಅಧಿಕಾರಿ ಸಮವಸ್ತ್ರದಲ್ಲಿ ಇರಬಾರದು. ಮಗುವನ್ನು ಸಾಕ್ಷ್ಯಕ್ಕಾಗಿ ಮತ್ತೆಮತ್ತೆ ಕರೆಸಬಾರದು. ಆರೋಪಿ ಪರ ವಕೀಲರು ಸಹ ನೇರವಾಗಿ ಮಗುವನ್ನು ಪ್ರಶ್ನಿಸುವಂತಿಲ್ಲ, ನ್ಯಾಯಾಧೀಶರ ಮೂಲಕ ಕೇಳಬೇಕು. ನ್ಯಾಯಾಧೀಶರೇ ಇಷ್ಟು ಅಳೆದು ತೂಗಿ ಕೇಳುವ ವಿಷಯವನ್ನು ಧ್ವನಿವರ್ಧಕದಲ್ಲಿ ಹೇಳಿಸುವ ಅಧಿಕಾರ ಇವರಿಗೆ ಎಲ್ಲಿಂದ ಬಂತು?

ದುಪಟ್ಟಾ ಕಟ್ಟಿದರೆ ಸಾಲದು. ಅದೇ ಕಾಯ್ದೆಯ 23ನೇ ಸೆಕ್ಷನ್ ಮಾಧ್ಯಮದಲ್ಲಿ ಬಚ್ಚಿಡಬೇಕೆನ್ನುವುದು ಮುಖವನ್ನಷ್ಟೇ ಅಲ್ಲ. ಹೆಸರು, ವಿಳಾಸ, ಕುಟುಂಬ, ಶಾಲೆ, ನೆರೆಹೊರೆ, ಗುರುತು ಸಿಗಬಹುದಾದ ಯಾವ ವಿವರವೂ ಹೊರಬರಬಾರದು. ಮೀರಿದವರಿಗೆ ಒಂದು ವರ್ಷದವರೆಗೆ ಜೈಲಾಗಬಹುದು. ನಿನ್ನೆ ಅವಳ ಬಾಯಿಂದಲೇ ಅವಳ ತಾಲ್ಲೂಕಿನ ಹೆಸರು ಬಂತು. ಆ ವಿಡಿಯೊ ಈಗ ಯಾವ ಯಾವ ವಾಟ್ಸ್ಆ್ಯಪ್ ಗುಂಪಿನಲ್ಲಿದೆಯೋ!

ಕಾರ್ಯಕ್ರಮದ ಹೊರಗೆ ಜಗಳ ಆಡಿದಾಗ ಬಂದ ಉತ್ತರ: "ಕಥೆ ಕೇಳದಿದ್ದರೆ ದಾನಿಗಳು ಕೈಬಿಚ್ಚುವುದಿಲ್ಲ ಮೇಡಂ. ಅವಳೇ ಒಪ್ಪಿದ್ದಾಳೆ." ಹಣದ ಕಷ್ಟ ನನಗೆ ಗೊತ್ತು, ಅದು ಸುಳ್ಳಲ್ಲ. ಆದರೆ ಅವಳ ಒಪ್ಪಿಗೆ ಎಂತಹದು? ಊಟ, ಹಾಸಿಗೆ, ಶಾಲೆಯ ಶುಲ್ಕ ಎಲ್ಲವೂ ಯಾರ ಕೈಯಿಂದ ಬರುತ್ತದೋ ಅವರಿಗೆ ಆ ಮಗು ಹೇಗೆ "ಆಗುವುದಿಲ್ಲ" ಎನ್ನಬೇಕು? ಮಾರಾಟವಾಗಿ ಬಂದ ಮಕ್ಕಳು ಕಲಿತಿರುವುದೇ ಹೇಳಿದಂತೆ ಕೇಳುವುದನ್ನು. ಆ ಅಭ್ಯಾಸವನ್ನು ಬಿಡಿಸಬೇಕಾದ ಮನೆಯೇ ಅದನ್ನು ದುಡಿಸಿಕೊಂಡರೆ ಹೇಗೆ? ದೊಡ್ಡವರಾದ ಮೇಲೆ ತಾವಾಗಿ ಮುಂದೆ ಬಂದು ಮಾತನಾಡುವ ಹೆಣ್ಣುಮಕ್ಕಳ ಬಗ್ಗೆ ನನಗೆ ಅಪಾರ ಗೌರವವಿದೆ. ಆ ಮಾತೇ ಬೇರೆ.

ಇಷ್ಟು ಸಿಟ್ಟು ಏಕೆಂದು ಕೆಲವರಿಗೆ ಅನ್ನಿಸಬಹುದು. ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ: ಚಿಕ್ಕವಳಿದ್ದಾಗ ನನಗೂ ಆಗಿದೆ. ಯಾರು, ಎಲ್ಲಿ, ಏನು ಎಂಬುದನ್ನು ಬರೆಯುವುದಿಲ್ಲ. ಬರೆಯದೇ ಇರುವ ಹಕ್ಕು ನನಗಿದೆ. ಅದೇ ಹಕ್ಕನ್ನು ನಾನು ಆ ಹುಡುಗಿಗಾಗಿಯೂ ಕೇಳುತ್ತಿರುವುದು.

ಚೇತರಿಕೆ ವೇದಿಕೆಯ ಮೇಲೆ ಕಾಣುವಂತಹದಲ್ಲ. ರಾತ್ರಿ ದೀಪ ಆರಿಸಿ ಮಲಗಲು ಸಾಧ್ಯವಾಗುವುದು, ಸಾರು ಇಷ್ಟವಾಗಲಿಲ್ಲ ಎಂದು ಧೈರ್ಯವಾಗಿ ಹೇಳುವುದು, ತನ್ನ ಪೆಟ್ಟಿಗೆಯ ಬೀಗದ ಕೈ ತನ್ನ ಬಳಿಯೇ ಇರುವುದು, ಸಿಟ್ಟು ಬಂದಾಗ ಸಿಟ್ಟು ಮಾಡಿಕೊಂಡರೂ ಯಾರೂ ಹೊರಗೆ ಹಾಕುವುದಿಲ್ಲ ಎಂಬ ನಂಬಿಕೆ ಹುಟ್ಟುವುದು. ಇದಕ್ಕೆ ವರ್ಷಗಳು ಬೇಕು, ಬದಲಾಗದೆ ಉಳಿಯುವ ಒಬ್ಬ ಆಪ್ತಸಮಾಲೋಚಕಿ ಬೇಕು, ಅವಳಿಗೆ ಸರಿಯಾದ ಸಂಬಳ ಬೇಕು.

ದಾನಿಗಳೇ, ಕಥೆ ಕೇಳಬೇಡಿ, ಲೆಕ್ಕ ಕೇಳಿ. ಹದಿನೆಂಟು ತುಂಬಿದವರು ಎಲ್ಲಿಗೆ ಹೋದರು? ಬಾಲನ್ಯಾಯದ ನಿಯಮಗಳಲ್ಲಿ 21 ವರ್ಷದವರೆಗೆ ಅನುಪಾಲನೆಗೆ, ಅಂದರೆ ಸಂಸ್ಥೆಯಿಂದ ಹೊರಬಂದ ಮೇಲೂ ಆಸರೆ ಸಿಗುವುದಕ್ಕೆ, ಅವಕಾಶವಿದೆ. ಅದು ಎಷ್ಟು ಮಂದಿಗೆ ಸಿಕ್ಕಿದೆ? ಪೋಕ್ಸೊ 2020ರ ನಿಯಮಗಳ ಪ್ರಕಾರ ಎಫ್‌ಐಆರ್ ದಾಖಲಾದ ಮೇಲೆ ಯಾವ ಹಂತದಲ್ಲಾದರೂ ಮಧ್ಯಂತರ ಪರಿಹಾರಕ್ಕೆ ವಿಶೇಷ ನ್ಯಾಯಾಲಯ ಆದೇಶಿಸಬಹುದು, ತೀರ್ಪಿಗಾಗಿ ಕಾಯಬೇಕಿಲ್ಲ; ಇಲ್ಲಿನ ಮಕ್ಕಳ ಪರವಾಗಿ ಅರ್ಜಿ ಹಾಕಿದ್ದಾರೆಯೇ? ಎಲ್ಲರಿಗೂ ಹೊಲಿಗೆ ಯಂತ್ರವೇ ಏಕೆ, ನರ್ಸಿಂಗ್ ಓದಬೇಕೆನ್ನುವವಳ ಶುಲ್ಕ ಯಾರು ಕಟ್ಟುತ್ತಾರೆ?

ನಿನ್ನೆ ಅಲ್ಲಿದ್ದವರು ಯಾರಾದರೂ ಇದನ್ನು ಓದುತ್ತಿದ್ದರೆ, ನಿಮ್ಮ ಮೊಬೈಲಿನಲ್ಲಿರುವ ಆ ವಿಡಿಯೊವನ್ನು ದಯವಿಟ್ಟು ಈಗಲೇ ಅಳಿಸಿ, ನೀವು ಯಾರಿಗೆ ಕಳುಹಿಸಿದ್ದೀರೋ ಅವರಿಗೂ ಅಳಿಸಲು ಹೇಳಿ. ಸಂಸ್ಥೆಯವರಿಗೆ ನಾನು ಬಾಯಿಮಾತಿನಲ್ಲಿ ಹೇಳಿ ಆಗಿದೆ. ಸೋಮವಾರ ಮಕ್ಕಳ ಕಲ್ಯಾಣ ಸಮಿತಿಗೆ ಲಿಖಿತ ದೂರು ಕೊಡುತ್ತೇನೆ.