ಹೆಗ್ಡೆ, ಖೆಗ್ಡೆ, ಗೆಗ್ಡೆ

ಮೊನ್ನೆ ಮಂಗಳೂರಿನ ಹಂಪನಕಟ್ಟೆಯ ಹತ್ತಿರ ಒಬ್ಬ ನೋಟರಿಯ ಬೆಂಚಿನಲ್ಲಿ ಎರಡು ಗಂಟೆ ಕೂತಿದ್ದೆ. ಪಕ್ಕದಲ್ಲಿ ಅಕ್ಕನ ಮಗಳು. ಆರು ವರ್ಷ ಕಿರ್ಗಿಸ್ತಾನದ ಬಿಷ್ಕೆಕ್‌ನಲ್ಲಿ ಡಾಕ್ಟರಿಕೆ ಕಲಿತು ಬಂದವಳು. ಎಂತಕ್ಕೆ ಕೂತದ್ದು ಅಂದರೆ, ಹೆಗ್ಡೆ, ಖೆಗ್ಡೆ, ಗೆಗ್ಡೆ ಮೂವರೂ ಒಬ್ಬಳೇ ಅಂತ ಪ್ರಮಾಣ ಮಾಡಿಸಲಿಕ್ಕೆ.

ಅಲ್ಲಿ ನಡೆಯುವ ರಷ್ಯನ್ ಭಾಷೆಯಲ್ಲಿ ನಮ್ಮ 'ಹ' ಇಲ್ಲ. ಅದನ್ನು ಅವರು 'ಖ' ಮಾಡುತ್ತಾರೆ, ಇಲ್ಲವೇ 'ಗ' ಮಾಡುತ್ತಾರೆ. ಹಾಗಾಗಿ ಡಿಪ್ಲೊಮಾದಲ್ಲಿ ಖೆಗ್ಡೆ, ಅಂಕಪಟ್ಟಿಯಲ್ಲಿ ಗೆಗ್ಡೆ, ಎಸ್ಸೆಸ್ಸೆಲ್ಸಿಯಲ್ಲಿ ಹೆಗ್ಡೆ. ಪಾಸ್‌ಪೋರ್ಟಿನಲ್ಲಿ ಇನಿಶಿಯಲ್ ಬಿಡಿಸಿ ಬರೆದು ಅಜ್ಜನ ಮನೆಯ ಹೆಸರೂ ಸೇರಿಕೊಂಡಿದೆ. ಬೆಂಗಳೂರಿನ ಒಂದು ಕಚೇರಿಯ ಗುಮಾಸ್ತರು ಎಲ್ಲವನ್ನೂ ಮೇಜಿನ ಮೇಲೆ ಇಸ್ಪೀಟಿನ ಹಾಗೆ ಹರಡಿ, "ಇದರಲ್ಲಿ ನೀವು ಯಾರು?" ಅಂತ ಕೇಳಿದರಂತೆ. ದೊಡ್ಡ ದೊಡ್ಡ ಸನ್ಯಾಸಿಗಳು ಜೀವನಪೂರ್ತಿ ಕೇಳಿಕೊಂಡ ಪ್ರಶ್ನೆ ಇದು. ನಮ್ಮಲ್ಲಿ ಮೂರನೇ ಕೌಂಟರಿನಲ್ಲೇ ಕೇಳುತ್ತಾರೆ, ಅದೂ ಊಟದ ಹೊತ್ತಿಗೆ ಮೊದಲು.

ಎಂಟು ಮೆಡಿಕಲ್ ಕಾಲೇಜು ಇರುವ ಜಿಲ್ಲೆಯಿಂದ ಬಿಷ್ಕೆಕ್‌ಗೆ ಯಾಕೆ ಹೋದದ್ದು ಅಂತ ಕೇಳಬೇಡಿ. ಇಲ್ಲಿನ ಮ್ಯಾನೇಜ್‌ಮೆಂಟ್ ಸೀಟಿನ ಫೀಸು ಕೇಳಿದ ದಿನ ನಮ್ಮ ಭಾವನಿಗೇ ಡಾಕ್ಟರು ಬೇಕಾಗಿತ್ತು.

ನಮ್ಮೂರಿನಲ್ಲಿ ಫಾರಿನ್ ಅಂದರೆ ಎರಡೇ. ಒಂದು ಗಲ್ಫ್, ಇನ್ನೊಂದು ಲಂಡನ್. ಕದ್ರಿಯ ಒಂದು ಮದುವೆಯಲ್ಲಿ ದೊಡ್ಡಮ್ಮ ಒಬ್ಬರು, "ಬಿಷ್ಕೆಕ್ಕಾ? ಶಾರ್ಜಾದಿಂದ ಎಷ್ಟು ದೂರ?" ಅಂತ ಕೇಳಿದರು. ಕಾನೂನಿನ ಭೂಗೋಳವೂ ದೊಡ್ಡಮ್ಮನದ್ದೇ. ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಈ ಐದರಲ್ಲಿ ಪಿಜಿ ಮುಗಿಸಿ ಅಲ್ಲಿ ಮಾನ್ಯತೆ ಇದ್ದರೆ ಇಲ್ಲಿ ಸ್ಕ್ರೀನಿಂಗ್ ಪರೀಕ್ಷೆ ಬೇಡ. ಉಳಿದ ಜಗತ್ತಿನಿಂದ ಬಂದವರು ಎಫ್‌ಎಂಜಿಇ ಅನ್ನುವ ಆ ಪರೀಕ್ಷೆ ಬರೆಯಬೇಕು. 2002ರಿಂದ ನಡೆಯುತ್ತಿದೆ. ವರ್ಷಕ್ಕೆ ಎರಡು ಸಲ. 300 ಪ್ರಶ್ನೆ, 150 ಬಂದರೆ ಪಾಸ್. ಪಾಸಾಗುವವರು ಹೆಚ್ಚುಕಡಿಮೆ ಐದರಲ್ಲಿ ಒಬ್ಬರು. ಇವಳಿಗೆ ಮೊದಲ ಸಲ 147 ಬಂತು. ಮರುಮೌಲ್ಯಮಾಪನ ಇಲ್ಲ. ಮೂರು ಮಾರ್ಕಿಗೆ ಆರು ತಿಂಗಳು.

ಪರೀಕ್ಷೆಯೇ ಬೇಡ ಅಂತ ನಾನು ಹೇಳುವುದಿಲ್ಲ ಮಾರಾಯ್ರೆ. ನನ್ನ ಹೊಟ್ಟೆ ಕೊಯ್ಯುವವರಿಗೆ ಅಪೆಂಡಿಕ್ಸ್ ಯಾವ ಬದಿಗೆ ಉಂಟು ಅಂತ ಗೊತ್ತಿರಬೇಕು ಅಲ್ವಾ. ಆದರೆ ಇಲ್ಲಿ ಕಲಿತವರಿಗೂ ಹೊರಗೆ ಕಲಿತವರಿಗೂ ಒಂದೇ ಪರೀಕ್ಷೆ ಇಡಬೇಕು ಅಂತ 2019ರ ಕಾನೂನಿನಲ್ಲೇ ಬರೆದಿದ್ದಾರೆ. ಹೆಸರು ನೆಕ್ಸ್ಟ್. ಹೆಸರಿಗೆ ತಕ್ಕ ಹಾಗೆ ಮುಂದಕ್ಕೇ ಹೋಗುತ್ತಾ ಉಂಟು.

ಮೂರನೇ ಸಲಕ್ಕೆ ಪಾಸಾದಳು. ಇಂಟರ್ನ್‌ಶಿಪ್ಪಿಗೆ ಒಂದು ಆಸ್ಪತ್ರೆ ಸಿಕ್ಕಿತು. ಅಲ್ಲಿ ಒಂದು ರಾತ್ರಿ ಎರಡು ಗಂಟೆಗೆ, ಮೂವತ್ತು ತಾಸು ನಿದ್ದೆ ಇಲ್ಲದ ಹುಡುಗಿ, ಕುಂದಾಪುರದ ಕಡೆಯ ಅಜ್ಜಿಯ ಕೈ ಹಿಡಿದು, "ಗ್ದೆ ಬಲೀತ್?" ಅಂತ ಕೇಳಿಬಿಟ್ಟಳು. ಎಲ್ಲಿ ನೋವು ಅಂತ ಅರ್ಥ. ಬಿಷ್ಕೆಕ್‌ನ ವಾರ್ಡುಗಳಲ್ಲಿ ಸಾವಿರ ಸಲ ಕೇಳಿದ ಮಾತು, ಬಾಯಿಗೆ ತಾನಾಗಿ ಬಂದಿದೆ. ಅಜ್ಜಿ ನಿಟ್ಟುಸಿರು ಬಿಟ್ಟು, "ಗೆದ್ದಿ ಮಾರಿ ಸುಮಾರ್ ವರ್ಷ ಆಯ್ತ್ ಮಗಾ" ಅಂದರು. ಆಮೇಲೆ ಆ ಗದ್ದೆಯ ಕಥೆ, ಮಗ ಮುಂಬಯಿಗೆ ಹೋದ ಕಥೆ, ಎಲ್ಲ ಬಂತು. ಕೊನೆಗೆ ನೋವೂ ಬಂತು, ಎದೆಯ ಎಡಭಾಗದಲ್ಲಿ. ತಕ್ಷಣ ಇಸಿಜಿ ಮಾಡಿಸಿದಳು. ಅಜ್ಜಿ ಈಗ ಆರಾಮ ಇದ್ದಾರೆ. ಅಜ್ಜಿಯ ಆ ರಾತ್ರಿಗೆ ಯಾವ ಕಚೇರಿಯಲ್ಲೂ ಮಾರ್ಕಿಲ್ಲ, ಸೀಲಿಲ್ಲ.

ಸಂಬಳವೂ ಇಲ್ಲ. ಅದೇ ವಾರ್ಡಿನಲ್ಲಿ, ಅದೇ ಪಾಳಿಯಲ್ಲಿ, ಅದೇ ರೋಗಿಯ ರಕ್ತ ತೆಗೆಯುವ ಇಲ್ಲಿಯ ಹುಡುಗನಿಗೆ ಸ್ಟೈಪೆಂಡ್ ಉಂಟು. ಇವಳಿಗೆ ಒಂದು ರೂಪಾಯಿ ಇಲ್ಲ. ವಿದೇಶದಲ್ಲಿ ಕಲಿತವರಿಗೂ ಕೊಡಿ ಅಂತ ಸುಪ್ರೀಂ ಕೋರ್ಟೇ ಹೇಳಬೇಕಾಯಿತು. ಹೇಳಿದ ಮೇಲೂ ಕೇಳಲು ಹೋದರೆ, "ಸೀಟು ಕೊಟ್ಟದ್ದೇ ದೊಡ್ಡದು" ಅನ್ನುತ್ತಾರೆ. ಇದರಲ್ಲಿ ತಮಾಷೆ ಮಾಡಲು ನನಗೆ ಏನೂ ಸಿಗುತ್ತಿಲ್ಲ. ಒಂದು ವರ್ಷ ರಾತ್ರಿಹಗಲು ದುಡಿಸಿಕೊಂಡು ಬಸ್ಸಿನ ದುಡ್ಡೂ ಕೊಡದಿದ್ದರೆ ಅದಕ್ಕೆ ಬಿಟ್ಟಿ ಚಾಕರಿ ಅಂತಲೇ ಹೆಸರು. ಅವಳನ್ನು ಅಲ್ಲಿಗೆ ಕಳಿಸಿ ಕಮಿಷನ್ ತಿಂದ ಏಜೆಂಟನ ಬೋರ್ಡು ಇವತ್ತಿಗೂ ಸಿಟಿ ಬಸ್ಸಿನ ಹಿಂದೆ ಉಂಟು. 'ವಿದೇಶದಲ್ಲಿ ಎಂಬಿಬಿಎಸ್, ಡೊನೇಷನ್ ಇಲ್ಲ.' ಅವನಿಗೆ ಯಾವ ಸ್ಕ್ರೀನಿಂಗೂ ಇಲ್ಲ.

ಇರಲಿ. ನೋಟರಿ ಕೊನೆಗೂ ಕರೆದರು. ಟೈಪಿಸ್ಟ್ ಕಾಗದ ಎಳೆದು ಕೊಟ್ಟ. ಸೀಲು ಬಿತ್ತು, ಸಹಿ ಬಿತ್ತು, ದುಡ್ಡು ಕೊಟ್ಟೆವು. ಮೆಟ್ಟಿಲಿಳಿದು ಮಳೆ ನಿಲ್ಲಲಿ ಅಂತ ನಿಂತಾಗ ಅವಳು ಸುಮ್ನೆ ಒಮ್ಮೆ ಓದಿದಳು. ಮುಖ ನೋಡಿ ಕಾಗದ ಇಸಕೊಂಡೆ. ಖೆಗ್ಡೆ ಸರಿ ಇತ್ತು, ಗೆಗ್ಡೆಯೂ ಸರಿ ಇತ್ತು. ಹೆಗ್ಡೆ ಇರಬೇಕಾದಲ್ಲಿ ಪುಣ್ಯಾತ್ಮ ಶಿರಸಿ ಕಡೆಯವರ ಹಾಗೆ 'ಹೆಗಡೆ' ಅಂತ ಹೊಡೆದಿದ್ದ.

ವಾಪಸು ಮೆಟ್ಟಿಲು ಹತ್ತಿದೆವು. ಅವನು ತಲೆ ಎತ್ತದೆ, "ಇನ್ನೊಂದು ಸ್ಟ್ಯಾಂಪ್ ಪೇಪರ್ ತನ್ನಿ" ಅಂದ.