ಏಳದ ಮಂಚ, ಅದರಡಿಯಲ್ಲಿ ಜಾಕು

ಮನೆಯಂತೆ ಸಜ್ಜಾದ ಗಾಡಿ ಕೊಳ್ಳುವವರು, ಹಳೆಯ ಮಿನಿ ಬಸ್ಸನ್ನು ಹಾಗೆ ಮಾಡಿಸುವವರು ಕೇಳುವ ಪ್ರಶ್ನೆಗಳನ್ನು ಗಮನಿಸಿದ್ದೇನೆ. ಟಿವಿ ಎಷ್ಟು ಇಂಚು? ಚಾವಣಿಯ ದೀಪ ಯಾವ ಬಣ್ಣ? ಫ್ರಿಜ್‌ನಲ್ಲಿ ಐಸ್ ಆಗುತ್ತದೆಯೇ? ಮೇಲೆತ್ತುವ ಮಂಚ ಸಿಕ್ಕಿಹಾಕಿಕೊಂಡರೆ ಅದರಡಿಗೆ ಕೈ ಹಾಕುವುದು ಎಲ್ಲಿಂದ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಮಲೆನಾಡಿನ ಮಳೆಯಲ್ಲಿ ಗಾಡಿ ಓಡಿಸುವವರು ಮೊದಲು ಕೇಳಬೇಕಾದದ್ದು ಅದನ್ನೇ. ಟಿವಿಯ ವಿಷಯ ಆಮೇಲೆ ನೋಡಿಕೊಳ್ಳಬಹುದು.

ಈ ಸಲದ ಆಷಾಢದಲ್ಲಿ ನಮ್ಮ ಭಾವ ಅಂಥದೊಂದು ಗಾಡಿಯಲ್ಲಿ ಅಕ್ಕ ಮತ್ತು ಮಕ್ಕಳೊಡನೆ ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಗೆ ಬಂದರು. ಉಡುಪಿ ಕಡೆಯಿಂದ ಘಾಟಿಯ 14 ತಿರುವು ಹತ್ತಿ, ಆಗುಂಬೆಯಲ್ಲಿ ರಾತ್ರಿ ಕಳೆದು ಬಂದಿದ್ದರು. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರು ಅದು. ಅಲ್ಲಿ ಮಳೆಗಾಲದಲ್ಲಿ ಬೀರುವಿನೊಳಗಿನ ಬಟ್ಟೆಗೇ ಬೂಸ್ಟು ಬರುತ್ತದೆ, ಇನ್ನು ಗಾಡಿಯೊಳಗಿನ ಪ್ಲೈವುಡ್ಡಿನ ಪಾಡೇನು? ನಮ್ಮ ಅಂಗಳದಲ್ಲಿ ಮಂಚ ಎತ್ತಲು ಹೋದರೆ ಎಡಗಡೆ ನಾಲ್ಕು ಬೆರಳು ಎದ್ದಿತು, ಬಲಗಡೆ ಕದಲಲಿಲ್ಲ. ಒಣ ಬಟ್ಟೆ ಅದರಡಿಯಲ್ಲಿ. ಸ್ಪ್ಯಾನರ್ ಅದರಡಿಯಲ್ಲಿ. ಜಾಕೂ ಅದರಡಿಯಲ್ಲೇ. ಗಾಡಿ ಕಟ್ಟಿದ ಪುಣ್ಯಾತ್ಮನಿಗೆ ಜಾಕು ಇಡಲು ಬೇರೆ ಜಾಗವೇ ಕಾಣಲಿಲ್ಲ!

ಇಂಥ ಹೊತ್ತಿನಲ್ಲಿ ಮನೆಯ ಗಂಡಸರೆಲ್ಲ ಸೇರಿ ಏಳದ ಮೂಲೆಯನ್ನು ಹಿಡಿದು ಎಳೆಯುವುದು ವಾಡಿಕೆ. ಹಾಗೆ ಎಳೆದರೆ ಕೀಲು ಬಗ್ಗುತ್ತದೆ, ಸ್ಕ್ರೂ ಕಿತ್ತುಬರುತ್ತದೆ, ಕೊನೆಗೆ ನೂರು ರೂಪಾಯಿಯ ಕೆಲಸ ಸಾವಿರಕ್ಕೆ ಏರುತ್ತದೆ. ನಮ್ಮ ಪುಣ್ಯಕ್ಕೆ ಪಕ್ಕದ ಊರಿನ ಆಚಾರಿಗಳು ಅಂದು ನಮ್ಮ ಕೊಟ್ಟಿಗೆಯ ಪಕಾಸಿ ಬದಲಿಸಲು ಬಂದಿದ್ದರು. ಗಾಡಿಯೊಳಗೆ ಒಮ್ಮೆ ಕಣ್ಣಾಡಿಸಿ, “ಎಳೆಯಬೇಡಿ ಮಾರಾಯರೇ, ಎದ್ದಿರುವ ಕಡೆಯನ್ನು ಮೊದಲು ಕೆಳಗೆ ಒತ್ತಿ” ಎಂದರು. ಓರೆಯಾಗಿ ಕಚ್ಚಿಕೊಂಡ ಮೇಜಿನ ಡ್ರಾಯರನ್ನು ಮೊದಲು ಒಳಕ್ಕೆ ದೂಡಿ ನೇರ ಮಾಡುವುದಿಲ್ಲವೇ, ಹಾಗೆಯೇ ಇದೂ.

ಅದಕ್ಕೂ ಮೊದಲು ಗಾಡಿಯನ್ನು ಸಮ ಮಾಡಬೇಕಿತ್ತು. ನಮ್ಮ ಅಂಗಳ ತೋಟದ ಕಡೆಗೆ ಇಳಿಜಾರು. ಒಂದು ಚಕ್ರ ತಗ್ಗಿನಲ್ಲಿ ನಿಂತರೆ ಉದ್ದನೆಯ ಗಾಡಿಯ ಮೈಯೇ ತುಸು ತಿರುಚಿಕೊಳ್ಳುತ್ತದೆ, ಬಿಗಿಯಾದ ಮಂಚ ಇನ್ನಷ್ಟು ಬಿಗಿಯಾಗುತ್ತದೆ. ತಗ್ಗಿನ ಚಕ್ರದ ಮುಂದೆ ಹಲಗೆ ಹಾಸಿ, ಗಾಡಿಯನ್ನು ನಿಧಾನವಾಗಿ ಅದರ ಮೇಲೆ ಹತ್ತಿಸಿದೆವು. ಆಮೇಲೆ ಹಾಸಿಗೆ ತೆಗೆದೆವು. ಇಲ್ಲಿ ಒಂದು ಎಚ್ಚರಿಕೆ: ಹಾಸಿಗೆಯ ಭಾರ ಇಳಿದ ಮಂಚ ಬಿಡಿಸಿಕೊಂಡ ಕ್ಷಣಕ್ಕೆ ಚಿಮ್ಮಿ ಗಲ್ಲಕ್ಕೆ ಬಡಿಯಬಹುದು. ಒಬ್ಬರು ಅದನ್ನು ಒತ್ತಿ ಹಿಡಿದೇ ಇರಬೇಕು.

ಹಿಂಬಾಗಿಲು ತೆರೆದರೆ ಮಂಚದ ಪೆಟ್ಟಿಗೆಗೆ ಅಡ್ಡಲಾಗಿ ಒಂದು ಹಲಗೆ. ಸ್ಕ್ರೂ ಎಲ್ಲಿ? ಹುಡುಕಿದರೆ ಅಂದಕ್ಕೆಂದು ಅಂಟಿಸಿದ ಬೀಡಿಂಗ್ ಪಟ್ಟಿಯ ಕೆಳಗೆ! ಪಟ್ಟಿ ಕಿತ್ತು, ಹಲಗೆ ಬಿಚ್ಚಿ, ಟಾರ್ಚ್ ಬಿಟ್ಟು ನೋಡಿದೆವು. ಮಂಚವನ್ನು ಮೇಲಕ್ಕೆ ನೂಕಲು ಎರಡೂ ಕಡೆ ಅನಿಲ ತುಂಬಿದ ಕೊಳವೆ, ಅಂದರೆ ಗ್ಯಾಸ್ ಸ್ಟ್ರಟ್ ಇತ್ತು. ಬಲಗಡೆಯ ಸ್ಟ್ರಟ್‌ನ ಹೊಳೆಯುವ ಸಲಾಕೆಯ ತುಂಬ ಎಣ್ಣೆಯ ಪಸೆ, ಅದರ ಮೇಲೆ ಧೂಳು. ಸೀಲು ಸೋರಿ ಅದರ ಕಥೆ ಮುಗಿದಿತ್ತು. ಎಡಗಡೆಯದು ಒಂಟಿಯಾಗಿ ನೂಕುತ್ತಿತ್ತು. ಮಂಚ ಓರೆಯಾಗಿ, ಉಬ್ಬಿದ ಪ್ಲೈನ ಮೂಲೆ ಪಕ್ಕದ ಕಪಾಟಿನ ಅಂಚನ್ನು ಕಚ್ಚಿತ್ತು. ಸನ್ಮೈಕಾ ಅಲ್ಲಿ ಉಗುರಿನಷ್ಟು ಎದ್ದು ಬಂದಿತ್ತು. ಆಚಾರಿಗಳು ಆ ಸಂದಿಗೆ ಸ್ಟೀಲ್ ಪಟ್ಟಿಯೊಂದನ್ನು ಇಳಿಸಿದರು. ನಾನು ಎಡಗಡೆ ಒತ್ತಿದೆ, ಭಾವ ಬಲಗಡೆ ಬೆಣೆ ಕೊಟ್ಟು ಎತ್ತುತ್ತ ಬಂದರು. ಎರಡೂ ಕಡೆ ಸಮವಾದದ್ದೇ ತಡ, ಟಕ್ಕೆಂದು ಬಿಟ್ಟಿತು. ಪೂರ್ತಿ ಎತ್ತಿ ಎರಡು ರೀಪು ಆನಿಸುವವರೆಗೆ ಆಚಾರಿಗಳು ಯಾರ ಕೈಯನ್ನೂ ಒಳಗೆ ಬಿಡಲಿಲ್ಲ.

ಈ ಸ್ಟ್ರಟ್ ಕಾರಿನ ಡಿಕ್ಕಿಯ ಬಾಗಿಲನ್ನು ಎತ್ತಿ ಹಿಡಿಯುವ ಕೊಳವೆಯ ಜಾತಿಯದೇ. ಒಳಗೆ ಭಾರಿ ಒತ್ತಡದ ನೈಟ್ರೋಜನ್, ಜೊತೆಗೆ ತುಸು ಎಣ್ಣೆ. ಹಾಗಾಗಿ ಕೆಟ್ಟಿತೆಂದು ತೂತು ಕೊರೆಯುವುದು, ಬೆಂಕಿಗೆ ಹಾಕುವುದು ಅಪಾಯ. ಬಿಚ್ಚುವುದಾದರೆ ಮಂಚ ಪೂರ್ತಿ ಎದ್ದಿರುವಾಗ, ಸಲಾಕೆ ಪೂರ್ತಿ ಹೊರಗಿರುವಾಗ ಬಿಚ್ಚಬೇಕು. ತುದಿಯ ಕ್ಲಿಪ್ಪನ್ನು ಸಣ್ಣ ಸ್ಕ್ರೂಡ್ರೈವರ್‌ನಿಂದ ಮೀಟಿದರೆ ಸಾಕು. ಕೊಳವೆಯ ಮೇಲಿನ 800N ಎಂಬ ಬರಹ 800 ನ್ಯೂಟನ್, ಅಂದರೆ ಸುಮಾರು 80 ಕಿಲೋ ಭಾರಕ್ಕೆ ಸಮನಾದ ಬಲ. ಸ್ಟ್ರಟ್ ಕೂರುವುದು ಕೀಲಿನ ಹತ್ತಿರವಾದ್ದರಿಂದ ಅಷ್ಟೂ ಬಲ ಎತ್ತುವುದಕ್ಕೆ ಒದಗುವುದಿಲ್ಲ. ಚಳಿಗೆ ಅನಿಲದ ಒತ್ತಡವೂ ಇಳಿಯುತ್ತದೆ. 30 ಡಿಗ್ರಿಯಿಂದ 15ಕ್ಕೆ ಬಂದರೆ ನೂರಕ್ಕೆ ಐದರಷ್ಟು ಕಡಿಮೆ. ತೆಳು ಫೋಮಿಗೆ ಲೆಕ್ಕ ಹಾಕಿ ಕೂರಿಸಿದ್ದರ ಮೇಲೆ ನಮ್ಮ ಅಕ್ಕ ಹತ್ತಿ ಹಾಸಿಗೆ, ಎರಡು ಜಮಖಾನ, ನಾಲ್ಕು ಕಂಬಳಿ ಹೇರಿದ್ದಳು. ಅವಳದೇನೂ ತಪ್ಪಿಲ್ಲ. ಮಂಚ ಇರುವುದು ಹಾಸಿಗೆ ಹಾಸುವುದಕ್ಕೇ.

ಶಿವಮೊಗ್ಗದ ಅಂಗಡಿಯವರು ಕೆಟ್ಟದ್ದೊಂದನ್ನೇ ಬದಲಿಸಿ ಸಾಕು ಎಂದರು. ನಾನು ಒಪ್ಪಲಿಲ್ಲ. ಹೊಸದೊಂದು ಹಳೆಯದೊಂದು ಸೇರಿದರೆ ಮತ್ತೆ ಅದೇ ಓರೆ, ಅದೇ ಕಚ್ಚಾಟ. ನ್ಯೂಟನ್, ಉದ್ದ, ತುದಿಯ ಗುಂಡಿನ ಅಳತೆ ಮೂರೂ ಒಂದೇ ಆಗಿರುವ ಜೋಡಿಯನ್ನೇ ತಂದೆವು.

ನನ್ನ ಸಿಟ್ಟು ಸ್ಟ್ರಟ್ ಮೇಲಲ್ಲ. ಅದು ಸವೆಯುವ ವಸ್ತು, ಸವೆಯಿತು. ಮಹಾನಗರದ ಒಣ ಷೆಡ್ಡಿನಲ್ಲಿ ಕೂದಲೆಳೆಯ ಸಂದಿಯೂ ಬಿಡದೆ ಹಲಗೆ ಕೂರಿಸಿ, ಅದನ್ನೇ ಫಿನಿಶಿಂಗ್ ಎಂದು ಹೊಗಳಿಕೊಳ್ಳುವವರ ಮೇಲೆ. ಐಎಸ್ 710 ಎಂಬ ಭಾರತೀಯ ಮಾನಕದ ಗುರುತಿನ ಮರೀನ್ ಪ್ಲೈನ ಅಂಟು ನೀರಿಗೆ ಬಿಡುವುದಿಲ್ಲ, ನಿಜ. ಆದರೆ ಅಂಚು ಬರಿದಾಗಿದ್ದರೆ ಮರ ತೇವ ಕುಡಿಯದೆ ಇರುತ್ತದೆಯೇ? ಈ ಗಾಡಿಯಲ್ಲಿ ಕತ್ತರಿಸಿದ ಅಂಚಿಗೆ ಒಂದು ಕೋಟು ವಾರ್ನಿಷ್ ಕೂಡ ಬಳಿದಿರಲಿಲ್ಲ. ನಮ್ಮ ಆಚಾರಿಗಳು ಬಾಗಿಲು ಮಾಡುವಾಗ ಮಳೆಗಾಲಕ್ಕೆಂದು ಸಂದಿ ಬಿಟ್ಟೇ ಮಾಡುತ್ತಾರೆ. ಇಲ್ಲಿಯೂ ಕೀಸುಳಿ ಹಿಡಿದು ಅಂಚು ಇಳಿಸಿದರು, ಮೇಣದಬತ್ತಿ ಉಜ್ಜಿದರು, ಮಳೆ ಕಳೆದು ಒಣಗಿದ ಮೇಲೆ ವಾರ್ನಿಷ್ ಹೊಡೆಯಿರಿ ಎಂದರು. ಹಿಂಬಾಗಿಲ ಹಲಗೆಗೆ ಸ್ಕ್ರೂ ಬದಲು ಎರಡು ಚಿಲಕ ಬಂತು. ಜಾಕು ಚಾಲಕನ ಸೀಟಿನ ಹಿಂದಕ್ಕೆ ಹೋಯಿತು.

ಈಗ ಭಾವನಿಗೆ ಮೋಟಾರಿನ ಮಂಚದ ಆಸೆ. ಯುರೋಪಿನ ಗಾಡಿಗಳಲ್ಲಿ ಚಾವಣಿಯಿಂದ ಇಳಿಯುವ 12 ವೋಲ್ಟ್ ಮಂಚಗಳ ವಿಡಿಯೋ ನೋಡಿದ್ದಾರೆ. ಬ್ಯಾಟರಿ ಇಳಿದರೆ, ಫ್ಯೂಸ್ ಹೋದರೆ, ಮಂಚ ತುದಿ ಮುಟ್ಟಿದಾಗ ಮೋಟಾರು ನಿಲ್ಲಿಸುವ ಸ್ವಿಚ್ಚಿಗೆ ತುಕ್ಕು ಬಂದರೆ ಅದೂ ನಿಲ್ಲುತ್ತದೆ. ಅಂಥ ಹಲವು ಮಂಚಗಳಲ್ಲಿ ಕೈಯಿಂದ ತಿರುಗಿಸುವ ಹ್ಯಾಂಡಲ್‌ಗೂ ಜಾಗ ಇರುತ್ತದೆ. ಹಾಕಿಸಿಕೊಳ್ಳಲಿ, ನನ್ನ ತಕರಾರಿಲ್ಲ. ಆ ಹ್ಯಾಂಡಲ್ ಎಲ್ಲಿಡುತ್ತೀರಿ ಎಂದು ಕಟ್ಟುವವರನ್ನು ಕೇಳಿ ಎಂದೆ. ಫೋನಿನಲ್ಲಿ ಕೇಳಿದರಂತೆ. “ಮಂಚದ ಕೆಳಗೆ ಚೆನ್ನಾದ ಜಾಗ ಇದೆ ಸರ್” ಎಂದನಂತೆ.