ಅಳೋಕೂ ಲಾಂಗ್ ಬೇಕು

ಮೊನ್ನೆ ಭಾನುವಾರ ಅತ್ತೆ ಮನೆಯಲ್ಲಿ ಊಟ ಮುಗಿಸಿ ಟಿವಿ ಮುಂದೆ ಕೂತೆ. 'ತವರಿಗೆ ಬಾ ತಂಗಿ' ಬರುತ್ತಿತ್ತು. 2002ರ ಸಿನಿಮಾ, ಎಷ್ಟನೇ ಸಲ ನೋಡಿದೆನೋ ಲೆಕ್ಕ ಇಲ್ಲ. ಶಿವಣ್ಣ ಅಣ್ಣ, ರಾಧಿಕಾ ತಂಗಿ. ಅರ್ಧ ಗಂಟೆಗೆಲ್ಲ ಹೆಗಲ ಮೇಲಿದ್ದ ಟವೆಲ್ ಮುಖಕ್ಕೆ ಬಂತು.

ಅದೇ ಹೊತ್ತಿಗೆ ಬಾಮೈದ ಒಳಗೆ ಬಂದ. ನನ್ನನ್ನು ನೋಡಿದ, ಟಿವಿ ನೋಡಿದ, ಮತ್ತೆ ನನ್ನನ್ನು ನೋಡಿದ.

“ಏನ್ ಭಾವ, ಹೆಂಗಸರ ಪಿಚ್ಚರ್ ನೋಡ್ಕೊಂಡು ಅಳ್ತಾ ಕೂತಿದೀರಾ?”

ಉತ್ತರಕ್ಕೆ ಕಾಯಲಿಲ್ಲ. ಸೆಲ್ಲೋಟೇಪ್ ಸುತ್ತಿದ ರಿಮೋಟನ್ನು ಎರಡು ಸಲ ಅಂಗೈಗೆ ಬಡಿದು ಚಾನೆಲ್ ಬದಲಿಸಿದ. ಅಲ್ಲಿ 'ಜೋಗಿ'. “ನೋಡಿ, ಇದು ಗಂಡಸರು ನೋಡೋ ಪಿಚ್ಚರ್” ಅಂದ. ನಾನೂ ಶಿಸ್ತಾಗಿ ಕೂತು ಗಂಡಸಾದೆ. ಕೊನೆಗೆ ಅಮ್ಮನ ಹೆಣದ ಮುಂದೆ ಹೀರೋ ಮಾದೇಶ ಕುಣಿಯೋ ಹೊತ್ತಿಗೆ ಪಕ್ಕದಲ್ಲಿ ಸೊರ ಸೊರ ಸದ್ದು. ತಿರುಗಿ ನೋಡಿದರೆ ಬಾಮೈದನ ಮೂಗು ಕೆಂಪಗಾಗಿದೆ.

“ಖಾರಾಬೂಂದಿ ಸ್ವಲ್ಪ ಖಾರ ಜಾಸ್ತಿ ಆಯ್ತು ಭಾವ.”

ತಟ್ಟೆ ನೋಡಿದೆ. ಅದರಲ್ಲಿದ್ದದ್ದು ಮೈಸೂರು ಪಾಕು.

ಎರಡೂ ಸಿನಿಮಾದಲ್ಲಿ ಇರೋದು ಅದೇ ಶಿವಣ್ಣ. ಮಧ್ಯೆ ಮೂರೇ ವರ್ಷ. ಅದೇ ಕಣ್ಣೀರು. ತಂಗಿಗೆ ಅತ್ತರೆ ಹೆಂಗಸರ ಪಿಚ್ಚರ್, ಅಮ್ಮನಿಗೆ ಅತ್ತರೆ ಮಾಸ್ ಪಿಚ್ಚರ್ ಹೇಗಾಗುತ್ತದೆ? ಬಹಳ ಹೊತ್ತು ಯೋಚಿಸಿದ ಮೇಲೆ ಹೊಳೆಯಿತು. 'ಜೋಗಿ'ಯಲ್ಲಿ ಕೈಯಲ್ಲಿ ಲಾಂಗ್ ಇದೆ, ರೌಡಿಗಳ ಉದ್ದನೆ ಮಚ್ಚು! ನಮ್ಮ ಗಂಡಸರಿಗೆ ಅದೇ ಅಳೋ ಲೈಸೆನ್ಸ್.

'ಓಂ' ಏನು? ಅರ್ಚಕರ ಮಗನೊಬ್ಬ ಹುಡುಗಿಗೋಸ್ಕರ ರೌಡಿಯಾಗೋ ಕತೆ. ಲಾಂಗ್ ತೆಗೆದುಬಿಟ್ಟರೆ ಸುಮ್ನೆ ಲವ್ ಸ್ಟೋರಿ. 'ಕೆಜಿಎಫ್' ಪೂರ್ತಿ ನಿಂತಿರೋದು ಅಮ್ಮನಿಗೆ ಕೊಟ್ಟ ಮಾತಿನ ಮೇಲೆ. ಅದೇ ಮಾತನ್ನು ಮಗ ಅಡುಗೆಮನೆಯಲ್ಲಿ ನಿಂತು ಕೊಟ್ಟಿದ್ದರೆ ಧಾರಾವಾಹಿ ಆಗುತ್ತಿತ್ತು, ಅಲ್ವಾ?

ಹಾಗಾದರೆ 2006ರಲ್ಲಿ 'ಮುಂಗಾರು ಮಳೆ'ಗೆ ಹುಡುಗರೆಲ್ಲ ಅತ್ತರಲ್ಲ, ಅದೂ ಒಂದು ಮೊಲಕ್ಕೆ, ಅಂತ ನೀವು ಕೇಳಬಹುದು. ನಾನೂ ಕೇಳಿದೆ. ಬಾಮೈದನ ಹತ್ತಿರ ಉತ್ತರ ರೆಡಿ ಇತ್ತು. “ಹೀರೋ ಎಣ್ಣೆ ಹೊಡೆದಿದ್ದ ಭಾವ.” ಸರಿ, ಲಾಂಗ್ ಇಲ್ಲದಿದ್ದರೆ ಬಾಟ್ಲಿಯಾದರೂ ನಡೆಯುತ್ತದೆ. ನನ್ನ ಕೈಯಲ್ಲಿದ್ದದ್ದು ಟವೆಲ್. ಕೇಸು ಬಿದ್ದುಹೋಯಿತು.

ನನ್ನ ಹೆಂಡತಿಯದು ಇನ್ನೊಂದು ಕತೆ. ಚಿಕ್ಕವಳಿದ್ದಾಗಿಂದ ಮಾಲಾಶ್ರೀ ಭಕ್ತೆ. 2004ರ 'ದುರ್ಗಿ'ಯ ಫೈಟುಗಳನ್ನು ಈಗಲೂ ಸೌಟು ಹಿಡಿದು ಮಾಡಿ ತೋರಿಸುತ್ತಾಳೆ. 2018ರಲ್ಲಿ 'ಕೆಜಿಎಫ್'ಗೆ ಹೋಗಿದ್ದೆವು. ರಾಕಿ ಮೊದಲ ಏಟು ಹಾಕಿದ್ದೇ ತಡ, ಎರಡು ಬೆರಳು ಬಾಯಿಗಿಟ್ಟು ಅವಳು ಹಾಕಿದ ವಿಷಲ್‌ಗೆ ಮುಂದಿನ ಸಾಲಿನವರು ತಲೆ ತಗ್ಗಿಸಿದರು. ಒಬ್ಬರು ತಿರುಗಿ ಕನಿಕರದಿಂದ ಕೇಳಿದರು, “ಸಾರ್, ಮೇಡಂ ನಿಮ್ಮವರಾ?”

ಹೂಂ ಅಂದೆ. ಕಣ್ಣು ಮುಚ್ಚಿಕೊಂಡೇ ಅಂದೆ. ರಕ್ತ ನೋಡಿದರೆ ನನಗೆ ತಲೆ ಸುತ್ತುತ್ತದೆ.

ಇಂಟರ್‌ವಲ್‌ನಲ್ಲಿ ಇನ್ನೊಬ್ಬರು ಬಂದು, “ಪಾಪ, ನಿಮಗೋಸ್ಕರ ಇಂಥ ಪಿಚ್ಚರಿಗೆ ಬಂದಿದಾರೆ, ಒಳ್ಳೆ ಹೆಂಗಸು” ಅಂತ ಹೊಗಳಿದರು. ನಾನು ತಿದ್ದಲಿಲ್ಲ. ಪಕ್ಕದಲ್ಲಿ ಪಾಪದ ಹೆಂಗಸು ಪಾಪ್‌ಕಾರ್ನ್ ಮುಕ್ಕುತ್ತಾ, “ರೀ, ಸೆಕೆಂಡ್ ಹಾಫಲ್ಲಿ ಇನ್ನೂ ಎಷ್ಟು ಜನ ಸಾಯಬಹುದು?” ಅಂತ ಲೆಕ್ಕ ಹಾಕುತ್ತಿದ್ದಳು.

ಸಂಜೆ ಕಾಫಿ ಕುಡಿದು ಹೊರಟೆವು. ಗೇಟಿನವರೆಗೆ ಬಂದ ಬಾಮೈದ ಆ ಕಡೆ ಈ ಕಡೆ ನೋಡಿ, ದನಿ ತಗ್ಗಿಸಿದ.

“ಭಾವ, ಆ ತಂಗಿ ಕೊನೆಗೆ ಏನಾದಳು?”

“ಮೊದಲು ಒಳಗೆ ಹೋಗಿ ಲಾಂಗ್ ತಗೊಂಡು ಬಾ, ಹೇಳ್ತೀನಿ” ಅಂದೆ.